ಬೂಷ್ಟಿನೊಡನೆ ಬಿಳಿ ರಕ್ತಕಣದ ಸಮರ ಕಂಡ ಮೆಚ್ನಿಕಾಫ್

ಬೆಂಗಳೂರು: 2021ರ ಮೇ ತಿಂಗಳು. ಕೊರೊನಾ ಎರಡನೇ ಅಲೆಯ ಅಬ್ಬರ ಇನ್ನೂ ತಗ್ಗಿರಲಿಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಆಗ ಮತ್ತೊಂದು ಬಗೆಯ ರೋಗಿಗಳು ಬರತೊಡಗಿದರು. ಒಂದು ಕಣ್ಣು ಊದಿಕೊಂಡಿದೆ, ಕೆನ್ನೆ ಮರಗಟ್ಟಿದೆ, ಮೂಗಿನಿಂದ ಕಪ್ಪು ಸ್ರಾವ. ಕೊರೊನಾದಿಂದ ಪಾರಾದೆವೆಂದು ನಿಟ್ಟುಸಿರುಬಿಟ್ಟಿದ್ದ ಕುಟುಂಬಗಳ ಪಾಲಿಗೆ ಇದು ಬರಸಿಡಿಲು. ಜನರ ಬಾಯಲ್ಲಿ ಬ್ಲ್ಯಾಕ್ ಫಂಗಸ್, ವೈದ್ಯರ ಭಾಷೆಯಲ್ಲಿ ಮ್ಯೂಕರ್‌ಮೈಕೋಸಿಸ್. ರಾಜ್ಯ ಸರ್ಕಾರ ಈ ರೋಗದ ಚಿಕಿತ್ಸೆಗೆಂದು ಮೊದಲು ಗೊತ್ತುಮಾಡಿದ್ದು ದಂಡು ಪ್ರದೇಶದ ಈ ಹಳೆಯ ಆಸ್ಪತ್ರೆಯನ್ನೇ. ಆಂಫೋಟೆರಿಸಿನ್-ಬಿ ಚುಚ್ಚುಮದ್ದಿಗಾಗಿ ಜನ ಊರೆಲ್ಲ ಅಲೆದರು. ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾದ ಪ್ರಸಂಗಗಳೂ ಬಂದವು. ಆ ವರ್ಷದ ಜೂನ್ ಅಂತ್ಯದ ಹೊತ್ತಿಗೆ ದೇಶದಲ್ಲಿ ಈ ರೋಗಕ್ಕೆ ತುತ್ತಾದವರ ಸಂಖ್ಯೆ 40 ಸಾವಿರ ದಾಟಿತ್ತು.

ಈ ಶಿಲೀಂಧ್ರವೇನೂ ಹೊರದೇಶದಿಂದ ಬಂದದ್ದಲ್ಲ. ಹಳಸಿದ ಬ್ರೆಡ್ಡಿನ ಮೇಲೆ, ಕೊಳೆತ ಹಣ್ಣಿನ ಮೇಲೆ, ತೋಟದ ಮಣ್ಣಿನಲ್ಲಿ ಸದಾ ಇರುವಂಥದ್ದು. ಅದರ ಬೀಜಕಣಗಳನ್ನು ನಾವೆಲ್ಲ ಉಸಿರಿನೊಂದಿಗೆ ಒಳಗೆ ಎಳೆದುಕೊಳ್ಳುತ್ತಲೇ ಇರುತ್ತೇವೆ. ಆದರೂ ಕಾಯಿಲೆ ಬೀಳುವುದಿಲ್ಲ. ಕಾರಣ, ನಮ್ಮ ದೇಹದ ಬಿಳಿ ರಕ್ತಕಣಗಳು ಆ ಬೀಜಕಣಗಳನ್ನು ಹಿಡಿದು ನುಂಗಿ, ಮೊಳೆಯದಂತೆ ತಡೆಯುತ್ತವೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಹಾಗೂ ಸ್ಟೀರಾಯ್ಡ್‌ನ ಭಾರದಿಂದ ಆ ಕಾವಲು ಕುಸಿದವರಲ್ಲಿ ಮಾತ್ರ ಬೂಷ್ಟು ಗೆದ್ದಿತು.

ಶಿಲೀಂಧ್ರಕ್ಕೂ ರಕ್ತಕಣಕ್ಕೂ ನಡೆಯುವ ಈ ಕಾಳಗವನ್ನು ಮೊದಲ ಬಾರಿಗೆ ಕಣ್ಣಾರೆ ಕಂಡು, ಅದರ ಅರ್ಥವನ್ನು ಗ್ರಹಿಸಿ, 1884ರಲ್ಲಿ ಜಗತ್ತಿಗೆ ತಿಳಿಸಿದವರು ಇಲ್ಯಾ ಇಲ್ಯಿಚ್ ಮೆಚ್ನಿಕಾಫ್. ಬದುಕಿನಲ್ಲಿ ಎರಡು ಬಾರಿ ಸಾವನ್ನು ತಾವಾಗಿ ಆಹ್ವಾನಿಸಿದ್ದ ಈ ಮನುಷ್ಯನೇ ಜೀವದ ಆತ್ಮರಕ್ಷಣೆಯ ಗುಟ್ಟನ್ನು ಬಯಲಿಗೆಳೆದದ್ದು ವಿಚಿತ್ರವಾದರೂ ನಿಜ. ಅವರು ಬೆಂಗಳೂರಿಗೆ ಎಂದೂ ಬಂದವರಲ್ಲ. ಆದರೆ ಅವರ ಶಿಷ್ಯನೊಬ್ಬ ತಯಾರಿಸಿದ ಲಸಿಕೆ ಕನ್ನಡ ನಾಡಿಗೆ ಬಂದಿತ್ತು. ಆ ಮಾತು ಮುಂದೆ ಬರುತ್ತದೆ.

ಕಾಸು ಕೊಟ್ಟು ಪಾಠ ಹೇಳಿದ ಬಾಲಕ

ಇಂದಿನ ಉಕ್ರೇನಿನ ಖಾರ್ಕಿವ್ ಸಮೀಪದ ಹಳ್ಳಿಯೊಂದರಲ್ಲಿ 1845ರ ಮೇ ತಿಂಗಳಲ್ಲಿ ಮೆಚ್ನಿಕಾಫ್ ಜನಿಸಿದರು. ತಂದೆ ರಷ್ಯಾ ಚಕ್ರವರ್ತಿಯ ಅಂಗರಕ್ಷಕ ಪಡೆಯ ಅಧಿಕಾರಿ. ತಾಯಿ ಎಮಿಲಿಯಾ ಯಹೂದಿ ಮೂಲದ ಮನೆತನದವರು. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಹುಳು ಹುಪ್ಪಟೆ, ಗಿಡಮರಗಳ ಹುಚ್ಚು ಎಳವೆಯಲ್ಲೇ ಹತ್ತಿತು. ತಾನು ಕಲಿತದ್ದನ್ನು ಊರಿನ ಮಕ್ಕಳನ್ನು ಕೂರಿಸಿಕೊಂಡು ಹೇಳುವುದು, ಎದ್ದು ಹೋಗದಂತೆ ಅವರಿಗೆ ಕಾಸು ಕೊಡುವುದು ಬಾಲಕನ ವಾಡಿಕೆಯಾಗಿತ್ತಂತೆ.

ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ವ್ಯಾಸಂಗವನ್ನು ಎರಡೇ ವರ್ಷಗಳಲ್ಲಿ ಮುಗಿಸಿ, 19ರ ಹರೆಯದಲ್ಲಿ ಜರ್ಮನಿಗೆ ತೆರಳಿದರು. ಅಲ್ಲಿಂದ ಇಟಲಿಯ ನೇಪಲ್ಸ್. ಅವರ ಅಧ್ಯಯನವೆಲ್ಲ ಕಡಲಿನ ಬೆನ್ನೆಲುಬಿಲ್ಲದ ಜೀವಿಗಳ ಕುರಿತದ್ದು. ವೈದ್ಯಶಾಸ್ತ್ರವನ್ನು ಅವರು ಓದಲೇ ಇಲ್ಲ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಮುಂದೆ ವೈದ್ಯರು ಅವರನ್ನು ಹೊರಗಿನವನೆಂದು ಕಂಡದ್ದಕ್ಕೂ, ವೈದ್ಯರ ಕಣ್ಣಿಗೆ ಬೀಳದ್ದು ಅವರಿಗೆ ಕಂಡದ್ದಕ್ಕೂ ಕಾರಣ ಇದೊಂದೇ.

1869ರಲ್ಲಿ ಲುಡ್ಮಿಲಾ ಎಂಬಾಕೆಯನ್ನು ಅವರು ಮದುವೆಯಾದರು. ವಧುವಿಗೆ ಎಷ್ಟು ನಿಶ್ಶಕ್ತಿಯಿತ್ತೆಂದರೆ ಕುರ್ಚಿಯಲ್ಲಿ ಕೂರಿಸಿ ಚರ್ಚಿಗೆ ಹೊತ್ತೊಯ್ಯಬೇಕಾಯಿತು. ಕ್ಷಯರೋಗ ಆಕೆಯನ್ನು ಬಿಡಲಿಲ್ಲ. ಬೆಚ್ಚನೆಯ ಹವೆಗಾಗಿ ಊರೂರು ಅಲೆದು, ಅನುವಾದ ಮಾಡಿ, ಪಾಠ ಹೇಳಿ ಔಷಧಕ್ಕೆ ಹಣ ಹೊಂದಿಸಿದರೂ ಫಲ ಕಾಣಲಿಲ್ಲ. 1873ರ ಏಪ್ರಿಲ್‌ನಲ್ಲಿ ಮಡೀರಾ ದ್ವೀಪದಲ್ಲಿ ಲುಡ್ಮಿಲಾ ತೀರಿಕೊಂಡರು. ಆ ಹೊತ್ತಿಗೆ ಮೆಚ್ನಿಕಾಫ್ ಅವರ ಕಣ್ಣೂ ಕೆಟ್ಟಿತ್ತು. ಸೂಕ್ಷ್ಮದರ್ಶಕವೇ ಬದುಕಾಗಿದ್ದವರಿಗೆ ಅದರಲ್ಲಿ ನೋಡುವುದೇ ಕಷ್ಟ. ಬದುಕಿನಲ್ಲಿ ಇನ್ನೇನೂ ಉಳಿದಿಲ್ಲವೆಂದು ಬಗೆದು ಜೀವ ಕಳೆದುಕೊಳ್ಳಲು ಹೊರಟರು. ಅದೃಷ್ಟಕ್ಕೆ ಬದುಕಿ ಉಳಿದರು.

ಎರಡು ವರ್ಷಗಳ ಬಳಿಕ ಓಲ್ಗಾ ಎಂಬ ತರುಣಿಯ ಕೈ ಹಿಡಿದರು. ಕಡೆಯವರೆಗೂ ಜೊತೆಗಿದ್ದು, ಗಂಡ ತೀರಿಕೊಂಡ ಮೇಲೆ ಅವರ ಜೀವನ ಚರಿತ್ರೆ ಬರೆದವರು ಈಕೆಯೇ. ಇಂದು ನಮಗೆ ತಿಳಿದಿರುವ ಅನೇಕ ವಿವರಗಳ ಮೂಲ ಆ ಪುಸ್ತಕ. ಪ್ರೀತಿಯಿಂದ ಬರೆದದ್ದಾದ್ದರಿಂದ ಕೆಲವು ಪ್ರಸಂಗಗಳಿಗೆ ತುಸು ಬಣ್ಣ ಸೇರಿರಲೂಬಹುದು. 1880ರಲ್ಲಿ ಓಲ್ಗಾ ಟೈಫಾಯ್ಡ್‌ನಿಂದ ಮಲಗಿ ಹೇಗೋ ಉಳಿದುಕೊಂಡರು. ಆದರೆ ದಣಿವು, ಒಡೆಸ್ಸಾ ವಿಶ್ವವಿದ್ಯಾಲಯದ ರಾಜಕೀಯ, ಹೃದಯದ ತೊಂದರೆಗಳಿಂದ ಕುಗ್ಗಿದ್ದ ಮೆಚ್ನಿಕಾಫ್ 1881ರಲ್ಲಿ ಮತ್ತೊಮ್ಮೆ ಸಾವಿನತ್ತ ಹೊರಳಿದರು. ಈ ಬಾರಿ ಮರುಕಳಿಸುವ ಜ್ವರದ ರೋಗಿಯ ರಕ್ತವನ್ನು ತಮ್ಮ ಮೈಗೆ ಚುಚ್ಚಿಕೊಂಡರು. ಆ ಜ್ವರ ರಕ್ತದಿಂದ ಹರಡುತ್ತದೆಯೇ ಎಂಬ ಪ್ರಯೋಗವೂ ಆಯಿತು, ಸತ್ತರೆ ಮನೆಯವರಿಗೆ ಅಪಕೀರ್ತಿಯೂ ಬಾರದು ಎಂಬ ಲೆಕ್ಕ. ಜ್ವರ ಬಂತು, ಹೃದಯ ಇನ್ನಷ್ಟು ದುರ್ಬಲಗೊಂಡಿತು, ಪ್ರಾಣ ಮಾತ್ರ ಹೋಗಲಿಲ್ಲ. ಈ ಕಾಯಿಲೆಯಿಂದ ಎದ್ದ ಮೇಲೆ ಅವರಿಗೆ ಬದುಕಿನ ಮೇಲೆ ಹಿಂದೆಂದೂ ಇಲ್ಲದ ಆಸೆ ಮೂಡಿತು.

ಗುಲಾಬಿ ಮುಳ್ಳು, ನೀರುಚಿಗಟ

1882ರಲ್ಲಿ ಹುದ್ದೆಗೆ ರಾಜೀನಾಮೆ ಕೊಟ್ಟು, ಓಲ್ಗಾ ಹಾಗೂ ಆಕೆಯ ತಮ್ಮ ತಂಗಿಯರೊಂದಿಗೆ ಇಟಲಿಯ ಸಿಸಿಲಿ ದ್ವೀಪದ ಮೆಸ್ಸೀನಾಕ್ಕೆ ಹೋಗಿ ನೆಲೆಸಿದರು. ಆ ಚಳಿಗಾಲದ ಒಂದು ದಿನ ಮನೆಮಂದಿಯೆಲ್ಲ ಸರ್ಕಸ್ಸಿನ ಕೋತಿಗಳ ಆಟ ನೋಡಲು ಹೋಗಿದ್ದರು. ಒಬ್ಬರೇ ಉಳಿದ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕುಳಿತಿದ್ದರು. ಗಾಜಿನಂತೆ ಪಾರದರ್ಶಕವಾದ ಅದರ ಮೈಯೊಳಗೆ ಅತ್ತಿತ್ತ ಸರಿದಾಡುವ ಜೀವಕೋಶಗಳು ಕಾಣುತ್ತಿದ್ದವು. ಇವು ಆಹಾರ ಅರಗಿಸುವ ಕೋಶಗಳಷ್ಟೇ ಆಗಿರದೆ, ಹೊರಗಿನಿಂದ ನುಗ್ಗಿದ ವೈರಿಯನ್ನು ಎದುರಿಸುವ ಕಾವಲುಗಾರರೂ ಆಗಿದ್ದರೆ ಎಂಬ ಯೋಚನೆ ಹೊಳೆಯಿತು. ತೋಟದ ಗುಲಾಬಿ ಗಿಡದಿಂದ ಮುಳ್ಳುಗಳನ್ನು ತಂದು ಮರಿಯ ಮೈಗೆ ಚುಚ್ಚಿ, ರಾತ್ರಿಯೆಲ್ಲ ಕಾದರು. ಬೆಳಗ್ಗೆ ನೋಡಿದರೆ ಕೋಶಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದವು.

ಕೀವೂ ಉರಿಯೂತವೂ ರೋಗದ ಕೆಡುಕುಗಳೆಂದೇ ಆಗಿನ ವೈದ್ಯರು ತಿಳಿದಿದ್ದ ಕಾಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಮೈತುಂಬ ಹೊತ್ತು ಹರಡುತ್ತವೆ ಎಂಬ ಅಭಿಪ್ರಾಯವೂ ಬಲವಾಗಿತ್ತು. ಮೆಚ್ನಿಕಾಫ್ ಇದನ್ನು ತಲೆಕೆಳಗು ಮಾಡಿದರು. ಮರುವರ್ಷ ವಿಯೆನ್ನಾದಲ್ಲಿ ಪ್ರಾಣಿಶಾಸ್ತ್ರಜ್ಞ ಕ್ಲೌಸ್ ಈ ಕೋಶಗಳಿಗೆ ಗ್ರೀಕ್ ಮೂಲದ ಫ್ಯಾಗೊಸೈಟ್ ಎಂಬ ಹೆಸರನ್ನು ಸೂಚಿಸಿದರು. ಕನ್ನಡದಲ್ಲಿ ಭಕ್ಷಕ ಕೋಶ ಎನ್ನಬಹುದು.

ಆದರೆ ಮುಳ್ಳು ರೋಗವಲ್ಲವಲ್ಲ. ನಿಜವಾದ ಸೋಂಕಿನಲ್ಲಿ ಹೀಗೆಯೇ ಆಗುತ್ತದೆಂದು ತೋರಿಸಬೇಕಿತ್ತು. ಅದಕ್ಕೆ ಒದಗಿಬಂದದ್ದು ಶಿಲೀಂಧ್ರ.

ನಿಂತ ಸಿಹಿನೀರಿನಲ್ಲಿ ಡಾಫ್ನಿಯಾ ಎಂಬ ಸಾಸಿವೆಗಿಂತ ಸಣ್ಣ ಜೀವಿ ಇರುತ್ತದೆ. ಮನೆಯಲ್ಲಿ ಬಣ್ಣದ ಮೀನು ಸಾಕುವವರಿಗೆ ಇದು ಮೀನಿನ ಆಹಾರವಾಗಿ ಪರಿಚಿತ. ಕುಪ್ಪಳಿಸುತ್ತ ಈಜುವುದರಿಂದ ನೀರುಚಿಗಟ ಎನ್ನುತ್ತಾರೆ. ಇದರ ಮೈಯೂ ಪಾರದರ್ಶಕ. ಕಾಯಿಲೆ ಬಿದ್ದ ಡಾಫ್ನಿಯಾಗಳಲ್ಲಿ ಮೆಚ್ನಿಕಾಫ್ ಒಂದು ಬಗೆಯ ಯೀಸ್ಟನ್ನು ಕಂಡರು. ಇಡ್ಲಿ, ದೋಸೆ ಹಿಟ್ಟಿನಲ್ಲೂ ಬ್ರೆಡ್ಡಿನ ಕಣಕದಲ್ಲೂ ಇರುವ ಯೀಸ್ಟ್‌ಗಳ ದೂರದ ಸಂಬಂಧಿ ಅದು, ಆದರೆ ಹಂತಕ. ಅದರ ಬೀಜಕಣಗಳು ಸೂಜಿಯಂತೆ ಚೂಪು. ಡಾಫ್ನಿಯಾ ಅವನ್ನು ಆಹಾರದ ಜೊತೆ ನುಂಗಿದಾಗ ಕರುಳಿನ ಗೋಡೆಯನ್ನು ಚುಚ್ಚಿಕೊಂಡು ಮೈಯೊಳಗೆ ಇಳಿಯುತ್ತವೆ. ಇಳಿದ ಕೂಡಲೇ ರಕ್ತಕಣಗಳು ಬಂದು ಕವಿಯುತ್ತವೆ. ಸೂಜಿಯನ್ನು ನುಂಗಿ ಕರಗಿಸಿ ಕಂದು ಚೂರುಗಳನ್ನಾಗಿ ಮಾಡುತ್ತವೆ. ಡಾಫ್ನಿಯಾ ಬದುಕುತ್ತದೆ. ಎಲ್ಲೋ ಒಂದು ಬೀಜಕಣ ತಪ್ಪಿಸಿಕೊಂಡು ಮೊಳೆತು ಕವಲೊಡೆಯಿತೋ, ಆಟ ತಿರುಗುತ್ತದೆ. ಈಗ ಯೀಸ್ಟ್ ರಕ್ತಕಣಗಳನ್ನೇ ಒಡೆಯುತ್ತದೆ, ಮೈ ಹಾಲಿನಂತೆ ಬೆಳ್ಳಗಾಗಿ ಪ್ರಾಣಿ ಸಾಯುತ್ತದೆ.

1884ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಬೌರಿಂಗ್ ಆಸ್ಪತ್ರೆಯ 2021ರ ಬೇಸಗೆಯನ್ನು ನೆನೆಯುತ್ತ ಓದಿದರೆ ಮೈ ಜುಮ್ಮೆನ್ನುತ್ತದೆ. ಸೆಣಸಾಟದ ಕ್ರಮ ಅದೇ: ಬೀಜಕಣ ಮೊಳೆಯುವ ಮುನ್ನ ಕೋಶ ಗೆಲ್ಲಬೇಕು, ತಡವಾದರೆ ಬೂಷ್ಟಿನದೇ ಗೆಲುವು. ಆ ಯೀಸ್ಟ್ ಕುಲಕ್ಕೆ ಮುಂದೆ ಮೆಚ್ನಿಕೋವಿಯಾ ಎಂದು ಅವರ ಹೆಸರನ್ನೇ ಇಡಲಾಯಿತು. ತಾವು ಪತ್ತೆಹಚ್ಚಿದ ಕೊಲೆಗಾರನಿಗೆ ತಮ್ಮದೇ ಹೆಸರು!

ಒಡೆಸ್ಸಾದಿಂದ ಪ್ಯಾರಿಸ್‌ಗೆ

1886ರಲ್ಲಿ ಒಡೆಸ್ಸಾದಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಕೊಡಲು ಬ್ಯಾಕ್ಟೀರಿಯಾ ಅಧ್ಯಯನ ಕೇಂದ್ರ ತೆರೆದಾಗ ಮೆಚ್ನಿಕಾಫ್ ಅದರ ಮುಖ್ಯಸ್ಥರಾದರು. ವೈದ್ಯನಲ್ಲದವನ ಕೈಕೆಳಗೆ ವೈದ್ಯಕೀಯ ಕೇಂದ್ರವೇ ಎಂದು ಊರಿನ ವೈದ್ಯರು ಮುನಿದರು. ಅವರು ರಜೆಯಲ್ಲಿದ್ದಾಗ ಕೇಂದ್ರದಿಂದ ಹೋದ ಆಂಥ್ರಾಕ್ಸ್ ಲಸಿಕೆಯಿಂದ ಸಾವಿರಾರು ಕುರಿಗಳು ಸತ್ತವು. ಹಗರಣ ದೊಡ್ಡದಾಯಿತು. 1888ರಲ್ಲಿ ಅವರು ರಷ್ಯಾ ತೊರೆದರು. ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರಿಂದ ಅದಕ್ಕೂ ಮೊದಲೇ ತಣ್ಣನೆಯ ಸ್ವಾಗತ ದೊರೆತಿತ್ತು. ಪ್ಯಾರಿಸ್‌ನಲ್ಲಿ ಲೂಯಿ ಪಾಶ್ಚರ್ ಮಾತ್ರ ಅಕ್ಕರೆಯಿಂದ ಬರಮಾಡಿಕೊಂಡು ತಮ್ಮ ಹೊಸ ಸಂಸ್ಥೆಯಲ್ಲಿ ಪ್ರಯೋಗಾಲಯ ಕೊಟ್ಟರು. ಮುಂದಿನ 28 ವರ್ಷ ಅದೇ ಅವರ ಮನೆಯಾಯಿತು.

ಇಲ್ಲಿಯೇ ಆ ಶಿಷ್ಯನ ಪ್ರವೇಶ. ವಾಲ್ಡೆಮಾರ್ ಹಾಫ್‌ಕಿನ್ ಒಡೆಸ್ಸಾದಲ್ಲಿ ಮೆಚ್ನಿಕಾಫ್ ಅವರ ವಿದ್ಯಾರ್ಥಿ. ಯಹೂದಿಗಳ ಮೇಲಿನ ದಾಳಿಯನ್ನು ಎದುರಿಸಿ ಬಂಧನಕ್ಕೊಳಗಾದಾಗ ಬಿಡಿಸಿಕೊಂಡು ಬರಲು ಮುಂದಾದವರು ಈ ಗುರುಗಳೇ. ಗುರುವಿನ ಹಿಂದೆಯೇ ಪ್ಯಾರಿಸ್‌ಗೆ ಬಂದ ಹಾಫ್‌ಕಿನ್‌ಗೆ 1889ರಲ್ಲಿ ಪಾಶ್ಚರ್ ಸಂಸ್ಥೆಯಲ್ಲಿ ಸಿಕ್ಕದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲಿ ಸಂಶೋಧನೆ. ಕಾಲರಾ ಲಸಿಕೆ ತಯಾರಿಸಿ 1892ರಲ್ಲಿ ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ಕೆಲವೇ ತಿಂಗಳಲ್ಲಿ ಅದಕ್ಕೂ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲ ಚುಚ್ಚನ್ನು ತಮ್ಮ ಮೈಗೇ ಹಾಕಿಸಿಕೊಂಡರು.

1898ರಲ್ಲಿ ಪ್ಲೇಗ್ ಹುಬ್ಬಳ್ಳಿಗೆ ಬಂದಿತು. ಅದೇ ವರ್ಷದ ಆಗಸ್ಟ್‌ನಲ್ಲಿ ರೈಲು ಹಿಡಿದು ಬೆಂಗಳೂರಿಗೂ ಬಂದಿತು. ದಂಡು, ಪೇಟೆ ಎರಡೂ ಕಡೆ ಸಾವಿರಾರು ಜನ ಸತ್ತರು. ಜನ ಮನೆ ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡರು. ಕಿಕ್ಕಿರಿದ ಕೇರಿಗಳಿಂದ ಜನರನ್ನು ಹೊರತಂದು ಹೊಸ ಬಡಾವಣೆ ಕಟ್ಟುವ ಯೋಚನೆ ಬಲಗೊಂಡದ್ದು ಆಗಲೇ. ದಂಡಿನ ಪೂರ್ವಕ್ಕೆ ಎದ್ದ ಫ್ರೇಜರ್ ಟೌನ್ ಅದರ ಕುರುಹು. ಹಾಫ್‌ಕಿನ್ ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಮಂದಿಗೆ ಹಾಕಲಾಯಿತು. ಅಲ್ಲಿನ ಲೆಕ್ಕಪತ್ರಗಳು ಲಸಿಕೆಯ ಪರವಾದ ದೊಡ್ಡ ಸಾಕ್ಷ್ಯವಾಗಿ ಜಗತ್ತಿನಲ್ಲೆಲ್ಲ ಚರ್ಚೆಯಾದವು. ದೇಹಕ್ಕೆ ತನ್ನನ್ನು ತಾನು ಕಾಯ್ದುಕೊಳ್ಳುವುದನ್ನು ಕಲಿಸಬಹುದೆಂಬ ಪ್ಯಾರಿಸ್ಸಿನ ನಂಬಿಕೆ ನಮ್ಮವರ ತೋಳಿನ ಮೇಲೆ ಪರೀಕ್ಷೆಗೆ ನಿಂತದ್ದು ಹೀಗೆ.

ಕೋಶವೋ, ರಕ್ತದ ತಿಳಿಯೋ

ಪ್ಯಾರಿಸ್‌ನಲ್ಲಿ ಮೆಚ್ನಿಕಾಫ್ ನೆಮ್ಮದಿಯಾಗಿ ಇದ್ದರೆಂದು ಹೇಳುವಂತಿಲ್ಲ. ಜರ್ಮನ್ ವಿಜ್ಞಾನಿಗಳು ಅವರ ಮೇಲೆ ಯುದ್ಧವನ್ನೇ ಸಾರಿದ್ದರು. ರೋಗಾಣುಗಳನ್ನು ಕೊಲ್ಲುವುದು ಕೋಶವಲ್ಲ, ರಕ್ತದ ತಿಳಿಯಲ್ಲಿ ಕರಗಿರುವ ಪದಾರ್ಥ ಎಂಬುದು ಅವರ ವಾದ. 1890ರಲ್ಲಿ ಬೆರಿಂಗ್ ಹಾಗೂ ಕಿಟಸಾಟೊ ರಕ್ತದ ತಿಳಿಯಲ್ಲಿ ಧನುರ್ವಾಯು ಮತ್ತು ಗಂಟಲಮಾರಿಯ ವಿಷವನ್ನು ಅಳಿಸುವ ಗುಣವಿದೆಯೆಂದು ತೋರಿಸಿದಾಗ ಮೆಚ್ನಿಕಾಫ್ ಅವರ ಸಿದ್ಧಾಂತ ಮಣ್ಣುಪಾಲಾಯಿತೆಂದೇ ಅನೇಕರು ಬಗೆದರು. ಮತ್ತೂ ಇರಿಸುಮುರಿಸಿನ ಸಂಗತಿಯೆಂದರೆ, ರಕ್ತದ ತಿಳಿಯಲ್ಲಿನ ಕಾಂಪ್ಲಿಮೆಂಟ್ ಎಂಬ ಪದಾರ್ಥದ ಕೆಲಸವನ್ನು ಬಯಲಿಗೆ ತಂದದ್ದು ಅವರದೇ ಪ್ರಯೋಗಾಲಯದ ತರುಣ ಜೂಲ್ಸ್ ಬೋರ್ಡೆ.

ಮೆಚ್ನಿಕಾಫ್ ಹಠವಾದಿ. ಎದುರಾಳಿ ಪ್ರಯೋಗಗಳಿಗೆಲ್ಲ ಮರುಪ್ರಯೋಗ ಮಾಡಿ ಉತ್ತರ ಕೊಟ್ಟರು, 1901ರಲ್ಲಿ ಬೃಹತ್ ಗ್ರಂಥವನ್ನೇ ಬರೆದರು. ಆದರೆ ರಕ್ತದ ತಿಳಿಯ ಪಾತ್ರವನ್ನು ಮನಸಾರೆ ಒಪ್ಪಲು ಅವರಿಗೆ ಕೊನೆಯವರೆಗೂ ಆಗಲಿಲ್ಲ. ಕೋಶಗಳೇ ಎಲ್ಲ, ಉಳಿದದ್ದೆಲ್ಲ ಅವುಗಳಿಂದ ಸೋರಿದ್ದು ಎಂಬ ನಿಲುವಿಗೆ ಅಂಟಿಕೊಂಡರು. ಇದು ಅವರ ಸೋಲು ಎಂದೇ ಹೇಳಬೇಕು. 1903ರಲ್ಲಿ ಲಂಡನ್ನಿನ ಆಲ್ಮ್‌ರಾತ್ ರೈಟ್ ಎರಡೂ ಪಕ್ಷಗಳನ್ನು ಬೆಸೆಯುವ ದಾರಿ ತೋರಿದರು: ರಕ್ತದ ತಿಳಿಯಲ್ಲಿನ ಪದಾರ್ಥ ರೋಗಾಣುವಿಗೆ ಮೆತ್ತಿಕೊಂಡರೆ ಭಕ್ಷಕ ಕೋಶ ಅದನ್ನು ಸುಲಭವಾಗಿ ನುಂಗುತ್ತದೆ. 1908ರ ನೊಬೆಲ್ ಪ್ರಶಸ್ತಿಯನ್ನು ಮೆಚ್ನಿಕಾಫ್ ಹಾಗೂ ರಕ್ತದ ತಿಳಿಯ ಪಕ್ಷದ ಪೌಲ್ ಎರ್ಲಿಕ್ ಅವರಿಗೆ ಸಮನಾಗಿ ಹಂಚಲಾಯಿತು. ನೊಬೆಲ್ ಸಮಿತಿ ಜಾಣತನದಿಂದ ಜಗಳಕ್ಕೆ ತೇಪೆ ಹಾಕಿತ್ತು.

ಇಂದು ಆ ಜಗಳ ಎರಡೂ ಕಡೆಯಿಂದ ಅರ್ಧ ಸತ್ಯವಾಗಿ ಕಾಣುತ್ತದೆ. ಕೋಶವೇ ನುಂಗುವುದು ನಿಜ, ಆದರೆ ಅದು ಕಾಣುವುದು, ಕೂಗುವುದು, ಕೊಲ್ಲುವುದು ಎಲ್ಲವೂ ಪ್ರೋಟೀನ್‌ಗಳ ಮೂಲಕ. ಮೆಚ್ನಿಕಾಫ್ ಅವರಿಗೆ ಸೂಕ್ಷ್ಮದರ್ಶಕದಲ್ಲಿ ಕಾಣದೇ ಹೋದದ್ದು ಇದೇ.

ಶಿಲೀಂಧ್ರದ ಹೊರಗೋಡೆಯಲ್ಲಿ ಬೀಟಾ-ಗ್ಲುಕಾನ್ ಎಂಬ ಸಕ್ಕರೆಸರಣಿ ಇದೆ. ಮನುಷ್ಯ ದೇಹ ಅದನ್ನು ತಯಾರಿಸುವುದಿಲ್ಲ. ಹಾಗಾಗಿ ಅದು ಕಂಡರೆ ಹೊರಗಿನವನೆಂದೇ ಅರ್ಥ. ಬಿಳಿ ರಕ್ತಕಣದ ಮೈಮೇಲಿನ ಡೆಕ್ಟಿನ್-1 ಎಂಬ ಪ್ರೋಟೀನ್ ಅದನ್ನು ಗುರುತು ಹಿಡಿಯುತ್ತದೆಂದು 2001ರಲ್ಲಿ ತಿಳಿದುಬಂತು. ಗುರುತು ಸಿಕ್ಕ ಕೂಡಲೇ ಕೋಶದೊಳಗೆ ಒಂದು ಪ್ರೋಟೀನ್ ಮತ್ತೊಂದನ್ನು ತಟ್ಟಿ ಎಬ್ಬಿಸುತ್ತ ಸುದ್ದಿ ಕೋಶಕೇಂದ್ರಕ್ಕೆ ಮುಟ್ಟುತ್ತದೆ. ಈ ಸರಪಳಿಯ ನಡುಕೊಂಡಿ ಕಾರ್ಡ್-9. ಹುಟ್ಟಿನಿಂದಲೇ ಈ ಒಂದು ಪ್ರೋಟೀನ್ ಕೆಟ್ಟಿರುವವರು ಶಿಲೀಂಧ್ರದ ಸೋಂಕಿಗೆ ಮತ್ತೆ ಮತ್ತೆ ತುತ್ತಾಗುತ್ತಾರೆಂಬುದು 2009ರಲ್ಲಿ ಪತ್ತೆಯಾಯಿತು. ಸುದ್ದಿ ತಲುಪಿದ ಮೇಲೆ ಕೋಶ ಹೊಸ ಪ್ರೋಟೀನ್‌ಗಳನ್ನು ತಯಾರಿಸಿ ಹೊರಗೆ ಬಿಡುತ್ತದೆ. ಅವು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ದಂಡುದಂಡಾಗಿ ಕರೆತರುವ ಕರೆಗಂಟೆಗಳು. ನ್ಯೂಟ್ರೋಫಿಲ್‌ನ ಒಳಗಿನ ಪ್ರೋಟೀನ್ ದಾಸ್ತಾನಿನಲ್ಲಿ ದೊಡ್ಡ ಪಾಲು ಕ್ಯಾಲ್‌ಪ್ರೊಟೆಕ್ಟಿನ್. ಇದು ಶಿಲೀಂಧ್ರಕ್ಕೆ ವಿಷ ಹಾಕುವುದಿಲ್ಲ, ಉಪವಾಸ ಕೆಡವುತ್ತದೆ. ಬೆಳೆಯಲು ಬೇಕಾದ ಸತುವನ್ನು ಎಳೆದುಕೊಂಡುಬಿಡುತ್ತದೆ. ಬೋರ್ಡೆ ಕಂಡ ಕಾಂಪ್ಲಿಮೆಂಟ್ ಪ್ರೋಟೀನ್‌ಗಳೂ ಶಿಲೀಂಧ್ರಕ್ಕೆ ಮೆತ್ತಿಕೊಂಡು ನುಂಗುವ ಕೆಲಸವನ್ನು ಹಗುರಗೊಳಿಸುತ್ತವೆ. ಗುರು ಶಿಷ್ಯರ ಸಿದ್ಧಾಂತಗಳು ಒಂದೇ ಬೀಜಕಣದ ಮೇಲೆ ಸಂಧಿಸಿದಂತಾಯಿತು.

ಬ್ಲ್ಯಾಕ್ ಫಂಗಸ್‌ನಲ್ಲಿ ಈ ವ್ಯವಸ್ಥೆ ಎಡವುವುದೂ ಪ್ರೋಟೀನ್ ಮಟ್ಟದಲ್ಲೇ. ರಕ್ತದಲ್ಲಿ ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಹಿಡಿದಿಟ್ಟಿರುತ್ತದೆ. ಸಕ್ಕರೆ ಕಾಯಿಲೆ ಮಿತಿಮೀರಿ ರಕ್ತ ಆಮ್ಲೀಯವಾದಾಗ ಹಿಡಿತ ಸಡಿಲಗೊಂಡು, ಕಬ್ಬಿಣ ಶಿಲೀಂಧ್ರದ ಪಾಲಾಗುತ್ತದೆ. ರಕ್ತನಾಳದ ಒಳಪದರದಲ್ಲಿ ಜಿಆರ್‌ಪಿ-78 ಎಂಬ ಪ್ರೋಟೀನ್ ಹೆಚ್ಚುತ್ತದೆ. ಶಿಲೀಂಧ್ರ ತನ್ನದೇ ಪ್ರೋಟೀನಿನಿಂದ ಅದನ್ನು ಹಿಡಿದು ನಾಳದೊಳಕ್ಕೆ ನುಗ್ಗುತ್ತದೆ. ರಕ್ತ ಹೆಪ್ಪುಗಟ್ಟಿ ಅಂಗಾಂಶ ಸತ್ತು ಕಪ್ಪಾಗುತ್ತದೆ. ಅತ್ತ ಸ್ಟೀರಾಯ್ಡ್ ಭಕ್ಷಕ ಕೋಶಗಳ ಕೈ ಕಟ್ಟಿಹಾಕಿರುತ್ತದೆ. ಕೊರೊನಾ ರೋಗಿಯ ಉಸಿರು ಉಳಿಸಲು ಆ ಸ್ಟೀರಾಯ್ಡ್ ಬೇಕೇ ಬೇಕಾಗಿತ್ತೆಂಬುದು ವೈದ್ಯರ ಮುಂದಿದ್ದ ಸಂದಿಗ್ಧ.

ಮೊಸರಿನ ಮೋಹ

ಕೊನೆಯ ಹದಿನೈದು ವರ್ಷಗಳಲ್ಲಿ ಮೆಚ್ನಿಕಾಫ್ ಅವರ ಗಮನ ಮುಪ್ಪಿನತ್ತ ಹೊರಳಿತು. ದೊಡ್ಡ ಕರುಳಿನಲ್ಲಿ ಕೊಳೆಯುವ ಪದಾರ್ಥಗಳ ವಿಷವೇ ಮುಪ್ಪಿಗೆ ಕಾರಣವೆಂದು ನಂಬಿ, ಹುಳಿ ಹಾಲಿನ ಬ್ಯಾಕ್ಟೀರಿಯಾ ಅದಕ್ಕೆ ಮದ್ದೆಂದು ಸಾರಿದರು. ದಿನವೂ ತಾವೂ ಕುಡಿದರು. ಯುರೋಪಿನಲ್ಲಿ ಮೊಸರಿನ ಗೀಳೇ ಹಬ್ಬಿತು. ಮೊಸರನ್ನ, ಮಜ್ಜಿಗೆಯಿಲ್ಲದೆ ಊಟ ಮುಗಿಸದ ನಮ್ಮವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣದು. ಕರುಳಿನ ವಿಷದ ವಾದ ಹಾಗೆಯೇ ನಿಲ್ಲಲಿಲ್ಲ. ಆದರೂ ಕರುಳಿನ ಬ್ಯಾಕ್ಟೀರಿಯಾಗಳಿಗೂ ಆರೋಗ್ಯಕ್ಕೂ ನಂಟಿದೆ ಎಂಬ ಅವರ ಮೂಲ ಊಹೆ ಇಂದು ದೊಡ್ಡ ಅಧ್ಯಯನ ಕ್ಷೇತ್ರವಾಗಿ ಬೆಳೆದಿದೆ. 1909ರಲ್ಲಿ ರಷ್ಯಾಕ್ಕೆ ಹೋದಾಗ ಟಾಲ್‌ಸ್ಟಾಯ್ ಅವರನ್ನೂ ಭೇಟಿಯಾದರು.

ಮೊದಲ ಮಹಾಯುದ್ಧ ಅವರನ್ನು ಜರ್ಜರಿತಗೊಳಿಸಿತು. ಪ್ರಯೋಗಾಲಯದ ತರುಣರೆಲ್ಲ ರಣರಂಗಕ್ಕೆ ಹೋದರು. ಹಿಂದೊಮ್ಮೆ ಸಾವನ್ನು ಅರಸಿದ್ದ ಮೆಚ್ನಿಕಾಫ್ ಈಗ ಹೃದಯದ ಕಾಯಿಲೆಯೊಡನೆ ಹೋರಾಡುತ್ತ, ತಮ್ಮದೇ ರೋಗದ ಏರಿಳಿತವನ್ನು ಗಮನಿಸುತ್ತ ದಿನ ಎಣಿಸಿದರು. 1916ರ ಜುಲೈ 15ರಂದು ಪಾಶ್ಚರ್ ಸಂಸ್ಥೆಯಲ್ಲೇ ಕೊನೆಯುಸಿರೆಳೆದರು. ಆಗ ವಯಸ್ಸು 71.

ನಿಧನಾನಂತರವೂ ಶಿಲೀಂಧ್ರ ಅವರ ವಿಷಯವನ್ನು ಬಿಡಲಿಲ್ಲ. 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಅವರ ತಂಡ, ಟೋಲ್ ಎಂಬ ಪ್ರೋಟೀನ್ ಇಲ್ಲದ ಹಣ್ಣಿನ ನೊಣ ಶಿಲೀಂಧ್ರದ ಸೋಂಕಿಗೆ ಸಿಲುಕಿ ಮೈತುಂಬ ಬೂಷ್ಟು ಬೆಳೆದು ಸಾಯುವುದನ್ನು ತೋರಿಸಿತು. ಹುಟ್ಟಿನಿಂದ ಬರುವ ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೆ ಮರುಜೀವ ಬಂದದ್ದು ಅಲ್ಲಿಂದಲೇ. ಹಾಫ್‌ಮನ್‌ಗೆ 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಮೆಚ್ನಿಕಾಫ್ ಅವರ ಚಿತಾಭಸ್ಮದ ಕರಂಡಕವನ್ನು ಸಮಾಧಿಯಲ್ಲಿಡದೆ ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಯಿತು. ಹುಬ್ಬಳ್ಳಿ, ಬೆಂಗಳೂರುಗಳ ಹೆಸರನ್ನೂ ಆಗ ಕೇಳಿರದ ಹಾಫ್‌ಕಿನ್‌ಗೆ ಪ್ಯಾರಿಸ್‌ನಲ್ಲಿ ಮೊದಲು ಕೆಲಸ ಕೊಟ್ಟದ್ದೂ ಅದೇ ಸಂಸ್ಥೆಯ ಗ್ರಂಥಾಲಯ.